ಚಪ್ಪರದ ಕಂಬ ನೆಡುವ ಮೊದಲು: ಮೇ ತಿಂಗಳಲ್ಲಿ ಊರಿಗೆ ಬರುವವರಿಗೊಂದು ಬಹಿರಂಗ ಪತ್ರ

ಮದುವೆ, ಉಪನಯನ, ಗೃಹಪ್ರವೇಶಗಳಿಗೆಂದು ಬೇಸಿಗೆಯ ಕೊನೆಯಲ್ಲಿ ಮಲೆನಾಡಿನ ಊರಮನೆಗಳಿಗೆ ಬರುವ ಎಲ್ಲ ಅಕ್ಕ-ಭಾವಂದಿರಿಗೆ, ತಮ್ಮ-ತಂಗಿಯರಿಗೆ, ಅವರ ಮಕ್ಕಳಿಗೆ,



ಭರಣಿ ಮಳೆ ನಾಲ್ಕು ಹನಿ ಹಾಕಿ ಹೋಗುವ ಹೊತ್ತಿಗೆ ನೀವೆಲ್ಲ ಬರಲು ಶುರು ಮಾಡುತ್ತೀರಿ. ನೀವು ಬಂದಿಳಿಯುವ ಮುಂಚೆ ಊರಮನೆಯಲ್ಲಿ ಒಂದು ಕೆಲಸ ತಪ್ಪದೆ ನಡೆದಿರುತ್ತದೆ: ಹಿತ್ತಲು ಚೊಕ್ಕ ಮಾಡುವುದು. ಆಳು ಕರೆಸಿ ದಾಸವಾಳದ ಬೇಲಿ ಸವರಿಸುತ್ತಾರೆ, ಕೌಳಿ ಮಟ್ಟಿ ಕಡಿಸುತ್ತಾರೆ, ಒಣಗಿದ ಕೊಂಬೆಗಳನ್ನು ಮಳೆಗಾಲದ ಕಟ್ಟಿಗೆಗೆ ಆಯಿತೆಂದು ಇಳಿಸುತ್ತಾರೆ, ಮೂಲೆಯಲ್ಲಿ ಬಿದ್ದ ದರಕು ಗುಡಿಸಿ ಬೆಂಕಿ ಹಾಕುತ್ತಾರೆ. ನೆಂಟರ ಕಣ್ಣಿಗೆ ಚೆನ್ನಾಗಿ ಕಾಣಬೇಕು. ಈಚೆಗೆ ಕಾರು ನಿಲ್ಲಿಸಲೂ ಜಾಗ ಬೇಕು. ಈ ಕೆಲಸವನ್ನು ಮೇ ತಿಂಗಳಲ್ಲಿ ಮಾಡಿಸಬೇಡಿ ಎಂದು ಕೇಳಿಕೊಳ್ಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಸವರುವುದಿದ್ದರೆ ದೀಪಾವಳಿ ಕಳೆದ ಮೇಲೆ ಸವರಿಸಿ. ಮನೆಯ ಹಿರಿಯರಿಗೆ ನಾನು ಹೇಳಿದರೆ ‘ಇವಳದೊಂದು’ ಎಂದುಕೊಂಡಾರು. ಹೊರಗಿನಿಂದ ಬರುವ ನೀವು ಫೋನಿನಲ್ಲಿ ಒಂದು ಮಾತು ಹೇಳಿದರೆ ಕೇಳುತ್ತಾರೆ. ಅಷ್ಟಕ್ಕೂ ಈ ಸಿಂಗಾರವೆಲ್ಲ ನಿಮಗಾಗಿಯೇ ಆಗುತ್ತಿರುವುದು.

ನಾನು ಸಾಗರ ಸೀಮೆಯವಳು. ತೋಟದಂಚಿನ ಮನೆ, ಮನೆಯ ಬೆನ್ನಿಗೆ ಹಿತ್ತಲು, ಅದರಾಚೆ ದರೆ, ದರೆ ಹತ್ತಿದರೆ ಬೇಣ. ನಿಮ್ಮಲ್ಲಿ ಹೆಚ್ಚಿನವರು ಹುಟ್ಟಿದ ಮನೆಯೂ ಇದೇ ನಮೂನೆಯದು. ಬಚ್ಚಲ ನೀರು ಹರಿದು ಹೋಗುವಲ್ಲಿ ಬಾಳೆ, ಕೆಸು. ಒಂದು ಬದಿಗೆ ನುಗ್ಗೆ, ಕರಿಬೇವು, ನೇರಳೆ. ಕಾಳುಮೆಣಸು ಹಬ್ಬಿಸಿದ ಹಾಲುವಾಣ. ಕೊಟ್ಟಿಗೆಯ ಹಿಂದೊಂದು ಬಸರಿ ಮರ. ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಇಷ್ಟು ಜಾಗದಲ್ಲಿ ನಡೆಯುವ ಹಕ್ಕಿಗಳ ಸಂಸಾರ ವರ್ಷದ ಬೇರೆ ಯಾವ ತಿಂಗಳಲ್ಲೂ ನಡೆಯುವುದಿಲ್ಲ. ಇದನ್ನು ನನಗೆ ತೋರಿಸಿಕೊಟ್ಟದ್ದು ಅಮ್ಮನ ಕ್ಯಾಲೆಂಡರುಗಳು.

ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ತೂಗುವ ಕ್ಯಾಲೆಂಡರಿನ ಚೌಕಗಳಲ್ಲಿ ನಿಮ್ಮ ಅಮ್ಮಂದಿರೂ ಬರೆದಿರುತ್ತಾರೆ: ಡೈರಿಗೆ ಹಾಕಿದ ಹಾಲು, ಸಿಲಿಂಡರ್ ಬಂದ ದಿನ, ಎಮ್ಮೆ ಕರು ಹಾಕಿದ್ದು, ತೋಟದ ಆಳಿನ ಲೆಕ್ಕ. ನನ್ನಮ್ಮ ಅದೇ ಚೌಕದಲ್ಲಿ ಹಕ್ಕಿಯನ್ನೂ ಬರೆಯುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ಪಾತ್ರೆ ತೊಳೆಯುವ ಕಲ್ಲು ಇದ್ದದ್ದು ಹಿತ್ತಲಲ್ಲಿ. ದಿನಕ್ಕೆ ಮೂರು ಹೊತ್ತು ಅಲ್ಲಿ ಕೂತವಳ ಕಣ್ಣಿಗೆ ಬಿದ್ದದ್ದನ್ನು ಬರೆದಳು. 1978ರಿಂದ ಈಚಿನ ಕಟ್ಟು ಅಟ್ಟದ ಮೇಲಿತ್ತು. ಅದಕ್ಕೂ ಹಿಂದಿನವು ಒಲೆಗೆ ಹೋದವು. ಈಗ ಅಮ್ಮನಿಗೆ ಕಣ್ಣು ಮಂದ. ಕಿವಿ ಚುರುಕಾಗಿದೆ. ಜಗುಲಿಯಲ್ಲಿ ಕೂತು, “ನವರಂಗ ಹೋತಾ? ಬರ್ದ್ಯಾ?” ಎಂದು ಕೇಳುತ್ತಾಳೆ. ನಾನು ಬರೆಯುತ್ತೇನೆ.

ನವರಂಗ ಹೊರಡುವುದು ಏಪ್ರಿಲ್ ಮುಗಿಯುವ ಹೊತ್ತಿಗೆ. ಚಳಿಗಾಲವಿಡೀ ದರಕಿನ ಮೇಲೆ ಕುಪ್ಪಳಿಸುತ್ತ ಎಲೆ ಎತ್ತಿ ಹಾಕಿ ಹುಳ ಹೆಕ್ಕುತ್ತ ಇದ್ದ ಹಕ್ಕಿ. ಬೆಳಗ್ಗೆ, ಸಂಜೆ ಬೆಳಕು ಹರಿಯುವ-ಕಂತುವ ವೇಳೆಗೆ ಎರಡು ಸ್ವರದ ಕೂಗು ಹಾಕುತ್ತದೆ. ಮಳೆಗಾಲದ ಸಂಸಾರಕ್ಕೆ ಅದು ಮಧ್ಯ ಭಾರತದ ಕಾಡುಗಳಿಗೂ ಹಿಮಾಲಯದ ಬುಡಕ್ಕೂ ಹೋಗುತ್ತದೆ, ಮತ್ತೆ ಬರುವುದು ನವರಾತ್ರಿಯ ಆಸುಪಾಸಿಗೆ. ಹತ್ತು ಗ್ರಾಮೂ ತೂಗದ ಹಸಿರು ಉಲಿಯಕ್ಕಿಗಳೂ ಇದೇ ಹೊತ್ತಿಗೆ ಹೊರಡುತ್ತವೆ. ಮರದ ತುದಿಯಲ್ಲಿ ಇಡೀ ದಿನ ಚುರುಕಾಗಿ ಎಲೆ ಮಗುಚುತ್ತಿದ್ದವು ಒಂದು ಬೆಳಗ್ಗೆ ಇಲ್ಲವಾಗುತ್ತವೆ. ಹಿಮಾಲಯ, ಮಧ್ಯ ಏಷ್ಯಾ, ಕಾಕಸಸ್ ಬೆಟ್ಟಗಳವರೆಗೂ ಅವುಗಳ ದಾರಿ. ಬಚ್ಚಲ ಕಾಲುವೆಯ ಬದಿಯಲ್ಲಿ ಬಾಲ ಕುಣಿಸುತ್ತಿದ್ದ ಬೂದು ಕುಂಡೆಕುಸ್ಕ ಅಷ್ಟರೊಳಗೇ ಹೊರಟುಹೋಗಿರುತ್ತದೆ. ನೀವು ಸಾಮಾನ್ಯವಾಗಿ ಬರುವುದು ಇವೆಲ್ಲ ಹೋದ ಮೇಲೆ. ಹಾಗಾಗಿ ನಿಮಗೆ ಸಿಗುವುದು ಮನೆ ಹೂಡಿದವರು.

ಅವರ ವಿಷಯವನ್ನೇ ಹೆಚ್ಚು ಹೇಳಬೇಕು.

2003ರ ಮೇ ತಿಂಗಳಲ್ಲಿ ನಮ್ಮ ಅಣ್ಣನ ಮಗನ ಉಪನಯನ. ಹಿತ್ತಲವರೆಗೂ ಚಪ್ಪರ ಎಳೆಯುವುದೆಂದು ಮಾತಾಗಿತ್ತು, ಅಡಿಗೆಯವರ ಒಲೆ ಅಲ್ಲೇ ಹೂಡಬೇಕಿತ್ತು. ಕಂಬಕ್ಕೆ ಗುಂಡಿ ತೆಗೆಯಲು ಹೋದ ಆಳು ದಾಸವಾಳದ ಗಿಡ ಬಗ್ಗಿಸಿದಾಗ ಒಳಗೆ ಸೊಂಟದೆತ್ತರದಲ್ಲಿ ಒಂದು ಬಟ್ಟಲು. ಕೆಮ್ಮೀಸೆ ಪಿಕಳಾರದ ಗೂಡು. ಮೂರು ಮೊಟ್ಟೆ, ತಿಳಿಗುಲಾಬಿಯ ಮೇಲೆ ಕೆಂಪು ಚುಕ್ಕೆ. ಅಪ್ಪಯ್ಯ ಬಂದು ನೋಡಿದರು. ಮಾತಾಡಲಿಲ್ಲ. ಚಪ್ಪರದ ಹಗ್ಗ ತಾವೇ ಬಿಚ್ಚಿ ಅಳತೆ ಮಾಡಿ, ಕಂಬಗಳ ಸಾಲನ್ನು ಇಡಿಯಾಗಿ ಕೊಟ್ಟಿಗೆಯ ಕಡೆಗೆ ಸರಿಸಿದರು. ಒಲೆ ಬಾವಿಕಟ್ಟೆಯಾಚೆ ಹೋಯಿತು. ಅಡಿಗೆಯವರು ನೀರು ಹೊರುವುದು ದೂರವಾಯಿತೆಂದು ಗೊಣಗಿದರು. ಭಿಕ್ಷೆ ಬೇಡುವ ವಟುವನ್ನು ಮಧ್ಯಾಹ್ನ ಅಪ್ಪಯ್ಯನೇ ಕೈಹಿಡಿದು ಕರೆದುಕೊಂಡು ಹೋಗಿ, ಮಾರು ದೂರದಿಂದ ಗೂಡು ತೋರಿಸಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಮೌಂಜಿ ಕಟ್ಟಿಕೊಂಡು, ಬೋಳು ತಲೆಯಲ್ಲಿ, ಕೈಯಲ್ಲಿ ದಂಡ ಹಿಡಿದು ಹುಡುಗ ಉಸಿರು ಬಿಗಿಹಿಡಿದು ನಿಂತಿದ್ದ. ಅಮ್ಮನ ಆ ದಿನದ ಚೌಕದಲ್ಲಿ ಎರಡೇ ಸಾಲು: “ಮಾಣಿ ಉಪನಯನ. ಪಿಕಳಾರ ಮೊಟ್ಟೆ 3.” ಮುಂದಿನ ವಾರದ ಚೌಕದಲ್ಲಿ “ಮರಿ 3”. ಜೂನ್ ಹುಟ್ಟುವ ಮೊದಲೇ “ಹಾರಿದವು”.

ಪಿಕಳಾರ ಕಾವು ಕೂರುವುದು ಸುಮಾರು ಹನ್ನೆರಡು ದಿನ. ಮರಿ ಗೂಡು ಬಿಡುವುದಕ್ಕೆ ಹೆಚ್ಚುಕಡಿಮೆ ಇನ್ನಷ್ಟೇ ದಿನ. ಒಂದು ತಿಂಗಳೂ ಬೇಡ. ನಾವು ಕಾಯಬೇಕಾದ ಹೊತ್ತು ಇಷ್ಟೇ ಸಣ್ಣದು ಎಂಬುದು ಗೊತ್ತಿದ್ದರೆ ಎಷ್ಟೋ ಮನೆಯವರು ತಾವಾಗಿಯೇ ಕಾಯುತ್ತಾರೆ ಎಂದು ನಾನು ನಂಬಿದ್ದೇನೆ. ಹಕ್ಕಿಗೆ ಕೆಡುಕಾಗಲಿ ಎಂದು ಬೇಲಿ ಸವರುವವರನ್ನು ನಾನು ಕಂಡಿಲ್ಲ. ಒಳಗೆ ಗೂಡಿದೆ ಎಂದು ಗೊತ್ತಿರುವುದಿಲ್ಲ, ಅಷ್ಟೇ.

ಒಣಗಿದ ಕೊಂಬೆಯದೂ ಅದೇ ಕತೆ. ನಿಮಗೆ ಕುಟ್ರು ಹಕ್ಕಿಯ ಕೂಗು ನೆನಪಿರಲೇಬೇಕು. ಬೇಸಿಗೆ ರಜೆಯ ಮಧ್ಯಾಹ್ನಗಳಲ್ಲಿ ಒಂದು ಶುರು ಮಾಡಿದರೆ ದರೆಯಾಚೆಯಿಂದ ಇನ್ನೊಂದು, ಅದಕ್ಕೆ ಮತ್ತೊಂದು, ಹೀಗೆ ಊರಿಡೀ ಕೂಗಿನ ಸರಪಳಿ. ಅದಕ್ಕೆ ಮನೆ ಬೇಕೆಂದರೆ ಒಣಗಿ ಮೆತ್ತಗಾದ ಕೊಂಬೆಯೇ ಆಗಬೇಕು. ಗಂಡು-ಹೆಣ್ಣು ಎರಡೂ ಸೇರಿ ತೂತು ಕೊರೆಯುತ್ತವೆ. ಅವು ಬಿಟ್ಟ ತೂತಿಗೆ ಮುಂದೆ ಮಡಿವಾಳ ಹಕ್ಕಿಯೂ ಬಂದೀತು. ಅದಕ್ಕೆ ತಾನೇ ಮರ ಕೊರೆಯುವ ಕೊಕ್ಕಿಲ್ಲ, ಯಾರೋ ಮಾಡಿಟ್ಟ ಪೊಟರೆಯೇ ಗತಿ. ಹಾಲುವಾಣದ ಒಂದು ಸತ್ತ ಕೊಂಬೆ ಇಳಿಸಿದರೆ ಹೀಗೆ ಒಂದರ ಹಿಂದೊಂದು ಮನೆ ಹೋಗುತ್ತದೆ. ಮಾಡಿನ ಮೇಲೆ ಬೀಳುವಂತಿದ್ದರೆ ಇಳಿಸಿ, ಬೇಡವೆನ್ನಲಾರೆ. ಯಾರ ತಲೆಯ ಮೇಲೂ ಬೀಳದ ಕೊಂಬೆಯನ್ನು ಅದರಷ್ಟಕ್ಕೆ ಬಿಡಿ.

ಹೆಣ್ಣುಮಕ್ಕಳಿಗೆ ಇನ್ನೊಂದು ವಿಷಯ ಹೇಳಬೇಕು. ನನ್ನ ಮಗಳು ಹುಟ್ಟಿದ್ದು 1994ರ ಮೇ ತಿಂಗಳಲ್ಲಿ. ಬಾಣಂತಿಯ ಕೋಣೆಯ ಕಿಟಕಿ ಹಿತ್ತಲಿಗೆ ತೆರೆಯುತ್ತಿತ್ತು. ಹೊರಗೆ ಹೋಗುವಂತಿಲ್ಲ, ತಂಗಾಳಿಗೆ ಕಿವಿ ಕೊಡುವಂತಿಲ್ಲ, ಓದಿದರೆ ಕಣ್ಣಿಗೆ ಕೆಟ್ಟದ್ದು. ಕಿಟಕಿ ಒಂದೇ ನನಗಿದ್ದ ಲೋಕ. ಬಚ್ಚಲಿಗೆ ಎಳೆದಿದ್ದ ಕರೆಂಟಿನ ವಯರಿಗೆ ಒಂದು ಸೂರಕ್ಕಿ ಗೂಡು ತೂಗಿಸಿತ್ತು. ಜೇಡರ ಬಲೆಯಿಂದ ನೇಯ್ದು, ತೊಗಟೆ ಚೂರು, ಹುಳದ ಹಿಕ್ಕೆಗಳನ್ನು ಹೊರಗೆ ಅಂಟಿಸಿದ ಚೀಲ. ಕಸ ಸಿಕ್ಕಿಕೊಂಡಿದೆ ಎಂದು ಯಾರಾದರೂ ಕಿತ್ತು ಹಾಕುವಂತೆ ಅದನ್ನು ಕಟ್ಟಿರುತ್ತದೆ, ಕಟ್ಟುವುದು ಹೆಣ್ಣೊಂದೇ. ಬಾಗಿಲಿನ ಮೇಲೆ ಸಣ್ಣ ಸೂರು ಕೂಡ ಇಳಿಸುತ್ತದೆ. ಮಗುವಿಗೆ ಎರೆದು ಮಲಗಿಸಿದ ಮೇಲೆ, ಮೈಗೆ ಹಚ್ಚಿದ ಎಣ್ಣೆಯ ಬಿಸಿಯಲ್ಲಿ ನಾನು ಅದನ್ನೇ ನೋಡುತ್ತಿದ್ದೆ. ತೊಟ್ಟಿಲಿಗೆ ಹಾಕಿ ಹೆಸರಿಡುವ ಹೊತ್ತಿಗೆ ಆ ಬಾಗಿಲಲ್ಲಿ ಎರಡು ಕೊಕ್ಕು ಕಾಣುತ್ತಿದ್ದವು, ಗಂಡೂ ಬಂದು ತಿನ್ನಿಸುತ್ತಿತ್ತು. ಚೊಚ್ಚಲ ಬಾಣಂತನದಲ್ಲಿ ಮನಸ್ಸು ಹೇಗೆ ಕುಗ್ಗುತ್ತದೆ ಎಂಬುದನ್ನು ಆಗ ಮಾತಾಡುವ ಪದ್ಧತಿ ಇರಲಿಲ್ಲ. ಆ ದಿನಗಳಲ್ಲಿ ನನ್ನನ್ನು ಮೇಲೆತ್ತಿದ್ದು ಅಮ್ಮನ ಕೈಯ ಬಿಸಿನೀರು ಮತ್ತು ಆ ಗೂಡು. ಈ ಬೇಸಿಗೆಗೆ ನಿಮ್ಮ ಮನೆಯಲ್ಲಿ ಬಾಣಂತಿ ಇದ್ದರೆ ಅವಳ ಮಂಚವನ್ನು ಕಿಟಕಿಯ ಕಡೆಗೆ ತಿರುಗಿಸಿ.

ಮಕ್ಕಳಿಗೆ ಹಪ್ಪಳ ಕಾಯುವ ಕೆಲಸ ಕೊಡಿ. ಹಲಸಿನ ಹಪ್ಪಳ ಒತ್ತಿ ಚಾಪೆಯ ಮೇಲೆ ಒಣಗಿಸಿದಾಗ ಕೋಲು ಹಿಡಿದು ಕೂರುವುದು ನಮ್ಮ ಕಾಲದಲ್ಲಿ ರಜೆಗೆ ಬಂದವರ ಪಾಲಿನ ದುಡಿಮೆ. ಒಂದೇ ಜಾಗದಲ್ಲಿ, ನೆರಳಿನಲ್ಲಿ, ಏನೂ ಮಾಡದೆ ತಾಸುಗಟ್ಟಲೆ ಕೂತರೆ ಹಕ್ಕಿ ನಮ್ಮನ್ನು ಮರೆಯುತ್ತದೆ. ಕಾಗೆಯ ಮೇಲೆ ಕಣ್ಣಿಟ್ಟ ಮಗುವಿಗೆ ಮೊದಲು ತಿಳಿಯುವುದು ಕಾಗೆಯನ್ನು ಅಣಕಿಸಿ ತನ್ನ ಬೆನ್ನಟ್ಟುವಂತೆ ಮಾಡಿ ದೂರ ಸೆಳೆಯುವ ಕರಿ ಗಂಡು ಕೋಗಿಲೆ, ಆ ಗಲಾಟೆಯ ಮಧ್ಯೆ ಸದ್ದಿಲ್ಲದೆ ಕಾಗೆ ಗೂಡಿನತ್ತ ಸರಿಯುವ ಚುಕ್ಕೆಚುಕ್ಕೆಯ ಹೆಣ್ಣು. ಆಮೇಲೆ ಹರಟೆಮಲ್ಲಗಳ ಗುಂಪು, ಕೆಂಬೂತದ ಕಳ್ಳ ನಡಿಗೆ. ಪಕ್ಕದಲ್ಲಿ ಅಡಿಕೆ ಹಾಳೆಯ ದೊಪ್ಪೆಯಲ್ಲಿ ಎರಡು ಬೆರಳಿನಷ್ಟು ನೀರಿಡಿ, ಆಳ ಬೇಡ. ಗಿಡದ ಮರೆ ಹತ್ತಿರವಿರಲಿ, ನೀರು ದಿನಾ ಬದಲಾಗಲಿ. ಬಾವಿಯ ನೀರೂ ತಳ ಕಾಣುವ ಈ ದಿನಗಳಲ್ಲಿ ಹಕ್ಕಿಗಳು ಬಿಸಿಲೇರಿದ ಮೇಲೆ ಅಲ್ಲಿಗೆ ಬಂದೇ ಬರುತ್ತವೆ. ಕಿತ್ತಳೆ ಬಣ್ಣದ ತಲೆ, ಬಿಳಿ ಕೆನ್ನೆಯಲ್ಲಿ ಎರಡು ಕಪ್ಪು ಗೆರೆಯಿರುವ ಹಕ್ಕಿಯೊಂದು ನೆಲದಲ್ಲೇ ಓಡುತ್ತ ಬಂದು ಮೀಯುವುದನ್ನು ನಿಮ್ಮ ಮಗು ಒಮ್ಮೆ ನೋಡಿದರೆ ಸಾಕು, ಆ ಮಧ್ಯಾಹ್ನಕ್ಕೆ ಮೊಬೈಲು ಬೇಡವಾಗುತ್ತದೆ. ಹೆಸರು ಬೇಕೆಂದಾಗ ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿ ಪುಕ್ಕ’ ಕೈಗೆ ಕೊಡಿ. ಮೂಡಿಗೆರೆಯ ತೋಟದಲ್ಲಿ ಬದುಕಿದವರು ಅವರು, ಅವರ ಹಕ್ಕಿಗಳಲ್ಲಿ ಎಷ್ಟೋ ನಮ್ಮ ಹಿತ್ತಲಿನವೇ.

2011ರಲ್ಲಿ ರೋಹಿಣಿ ಮಳೆಯ ಹೊತ್ತಿಗೆ ಅಪ್ಪಯ್ಯ ಹೋದರು. ಹತ್ತನೆಯ ದಿನ ಹಿತ್ತಲ ಕಲ್ಲಿನ ಮೇಲೆ ಬಾಳೆಲೆಯಲ್ಲಿ ಪಿಂಡ ಇಟ್ಟು ಎಲ್ಲರೂ ದೂರ ನಿಂತೆವು. ಕಾಗೆ ಬೇಗ ಬರಲಿಲ್ಲ. ಏನೋ ಆಸೆ ಉಳಿದಿರಬೇಕು ಎಂದು ಚಿಕ್ಕಪ್ಪ ಒಂದೊಂದೇ ಮಾತು ಕೊಡುತ್ತ ಹೋದರು: ತೋಟ ನೋಡಿಕೊಳ್ಳುತ್ತೇವೆ, ಅತ್ತಿಗೆಯನ್ನು ನೋಡಿಕೊಳ್ಳುತ್ತೇವೆ. ಕೊನೆಗೆ ಒಂದು ಕಾಡುಕಾಗೆ ಇಳಿದು ಅನ್ನ ಕಚ್ಚಿಕೊಂಡು ಬಸರಿ ಮರಕ್ಕೆ ಹಾರಿತು. ಎಲ್ಲರೂ ಕೈಮುಗಿದು ಒಳಗೆ ಹೋದರು. ಅಮ್ಮ ಹೋಗಲಿಲ್ಲ. ಮರದ ಕಡೆಗೇ ನೋಡುತ್ತಿದ್ದಳು. ಅಲ್ಲಿ ಕಾಗೆಯ ಮುಂದೆ ರೆಕ್ಕೆ ನಡುಗಿಸುತ್ತ ಬಾಯಿ ತೆರೆದು ಕೂತದ್ದು ಕಾಗೆಯ ಮರಿಯಾಗಿರಲಿಲ್ಲ, ಕೋಗಿಲೆಯದಾಗಿತ್ತು. ಅನ್ನ ಅದರ ಬಾಯಿಗೆ ಹೋಯಿತು. ಅಮ್ಮ ನನ್ನ ಕೈ ಹಿಡಿದು ತೋರಿಸಿದಳು. ಅಪ್ಪಯ್ಯ ಹೋದಮೇಲೆ ಅವಳ ಮುಖದಲ್ಲಿ ಅಂಥ ಶಾಂತಿಯನ್ನು ನಾನು ಮೊದಲು ಕಂಡದ್ದು ಆಗ. ಕರ್ಮ ಮಾಡಿಸಿದ ಭಟ್ಟರಿಗೆ ಈ ವಿಷಯ ಹೇಳಿದಾಗ, “ಹಸಿದವರ ಬಾಯಿಗೇ ಹೋಯ್ತಲ್ಲ ಅಮ್ಮಾ, ಇನ್ನೇನು ಬೇಕು” ಎಂದರು. ಆ ವರ್ಷದ ಜೂನ್ ಹಾಳೆಯಲ್ಲಿ ಅದೂ ಇದೆ.

ಈ ಕ್ಯಾಲೆಂಡರುಗಳು ನಮ್ಮ ಮನೆಯ ಭಾವುಕತೆಗಷ್ಟೇ ಸಲ್ಲುವವು ಎಂದು ನಾನೂ ಬಹಳ ಕಾಲ ಅಂದುಕೊಂಡಿದ್ದವಳೇ. ಮಗಳು ದೊಡ್ಡವಳಾಗಿ ಹಕ್ಕಿ ನೋಡುವವರ ಗುಂಪು ಸೇರಿದ ಮೇಲೆ ಬೇರೆಯದು ತಿಳಿಯಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ ನಡೆಸುವ ಇ-ಬರ್ಡ್ ಎಂಬ ದಾಖಲೆ ವ್ಯವಸ್ಥೆಗೆ ಯಾರು ಬೇಕಾದರೂ ತಾವು ಕಂಡ ಹಕ್ಕಿಗಳ ಪಟ್ಟಿ ಸೇರಿಸಬಹುದು. 2023ರಲ್ಲಿ ಹೊರಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ನಿಂತಿರುವುದು ಹೀಗೆ 30,000ಕ್ಕೂ ಹೆಚ್ಚು ಜನ ಕೊಟ್ಟ ಸುಮಾರು 3 ಕೋಟಿ ದಾಖಲೆಗಳ ಮೇಲೆ. 942 ಜಾತಿಯ ಹಕ್ಕಿಗಳನ್ನು ಅದರಲ್ಲಿ ತೂಗಿ ನೋಡಿದ್ದಾರೆ. ನಮ್ಮ ರಾಜ್ಯಪಕ್ಷಿ ನೀಲಕಂಠ ಹನ್ನೆರಡು ವರ್ಷಗಳಲ್ಲಿ ಶೇಕಡಾ 30ರಷ್ಟು ಇಳಿದಿದೆ ಎಂಬುದು ಗೊತ್ತಾದದ್ದು ಹಾಗೆ. ಕೋಗಿಲೆ, ನವಿಲು ಹೆಚ್ಚಿವೆ ಎಂಬುದೂ ಅಲ್ಲೇ ಇದೆ. ಅದನ್ನು ಓದಿ ನಾನು ಅಮ್ಮನ ಕಟ್ಟು ಬಿಚ್ಚಿ ಹುಡುಕಿದೆ. ಹಳೆಯ ಕ್ಯಾಲೆಂಡರುಗಳಲ್ಲಿ ನವಿಲು ಎಂಬ ಪದವೇ ಇಲ್ಲ. ಅದು ಮೊದಲು ಕಾಣಿಸುವುದು 2012ರಲ್ಲಿ, “ಬೇಣದಲ್ಲಿ ನವಿಲು ಕೂಗಿತು, ನಿಜ” ಎಂದು. ‘ನಿಜ’ ಎಂದು ಸೇರಿಸಬೇಕಾಗುವಷ್ಟು ಆಗ ಅದು ಅವಳಿಗೇ ಹೊಸದು. ಈಗ ನವಿಲಿನ ಕೂಗಿಲ್ಲದ ಬೆಳಗೇ ಇಲ್ಲ.

ನಗರಗಳಲ್ಲಿ, ಕೆರೆಯಂಗಳಗಳಲ್ಲಿ ಹಕ್ಕಿ ಎಣಿಸುವವರು ಬಹಳ ಮಂದಿಯಿದ್ದಾರೆ. ಅಡಿಕೆ ತೋಟದ ಅಂಚಿನ ಒಂದು ಹಿತ್ತಲಿನಲ್ಲಿ ನಲವತ್ತು ವರ್ಷ ಕಣ್ಣಿಟ್ಟವರು ನಿಮ್ಮ ಅಮ್ಮ, ಅತ್ತೆ, ದೊಡ್ಡಮ್ಮಂದಿರು. ಅವರಲ್ಲಿರುವ ತಿಳಿವಳಿಕೆ ಯಾವ ಪಟ್ಟಿಗೂ ಸೇರದೆ ಅವರೊಂದಿಗೇ ಹೋಗುತ್ತಿದೆ ಎಂಬ ಸಂಕಟ ನನ್ನದು. ಅವರನ್ನು ‘1985ರಲ್ಲಿ ಯಾವ ಹಕ್ಕಿ ಇತ್ತು’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ‘ಅಕ್ಕನ ಮದುವೆಯ ವರ್ಷ ಹಿತ್ತಲಲ್ಲಿ ಏನು ಕೂಗುತ್ತಿತ್ತು’ ಎಂದು ಕೇಳಿ. ನಮ್ಮಮ್ಮ ಹೇಳುತ್ತಾಳೆ: ಅಕ್ಕನ ಮದುವೆಯ ದಿಬ್ಬಣ ಇಳಿದ ಬೆಳಗಿನ ಜಾವ ಹಳ್ಳದ ಕಡೆಯಿಂದ ಸಿಳ್ಳಾರ ಆ ವರ್ಷಕ್ಕೆ ಮೊದಲ ಸಲ ಸಿಳ್ಳೆ ಹಾಕಿತು, ಮೂರನೆಯ ದಿನಕ್ಕೆ ಮಳೆ ಹೊಡೆಯಿತು. ಕ್ಯಾಲೆಂಡರು ತೆಗೆದು ನೋಡಿದರೆ 1981, ಮೇ ಕೊನೆಯ ವಾರ. ಹಕ್ಕಿಯ ತಾರೀಖು ಮದುವೆಯ ಲಗ್ನಪತ್ರಿಕೆಯಲ್ಲಿತ್ತು. ನಿಮ್ಮ ಮನೆಯ ಲಗ್ನಪತ್ರಿಕೆಗಳು, ಜಾತಕದ ಪುಸ್ತಕ, ಶ್ರಾದ್ಧದ ತಿಥಿ ಬರೆದಿಟ್ಟ ಡೈರಿ ಎಲ್ಲವೂ ಇದಕ್ಕೆ ನೆರವಾಗುತ್ತವೆ. ಜಾಗ, ದಿನ ಖಚಿತವಾಗಿದ್ದರೆ ಇ-ಬರ್ಡಿಗೆ ಹಳೆಯ ವರ್ಷಗಳ ದಾಖಲೆಯನ್ನೂ ಸೇರಿಸಲು ಬರುತ್ತದೆ. ನನ್ನ ಮಗಳು ಅಜ್ಜಿಯ ಚೌಕಗಳನ್ನು ಒಂದೊಂದಾಗಿ ಸೇರಿಸುತ್ತಿದ್ದಾಳೆ. ಅನುಮಾನವಿರುವಲ್ಲಿ ಅಜ್ಜಿಗೆ ಹಕ್ಕಿಯ ದನಿ ಕೇಳಿಸಿ, ಅವಳು ತಲೆಯಾಡಿಸಿದರೆ ಮಾತ್ರ.

ಮೇ ಎರಡನೆಯ ಶನಿವಾರದ ಹೊತ್ತಿಗೆ ಜಗತ್ತಿನಾದ್ಯಂತ ಹಕ್ಕಿ ನೋಡುವ ದಿನವೊಂದು ಬರುತ್ತದೆ. ನಮ್ಮ ದೇಶದಲ್ಲಿ ಅದೇ ದಿನ ಇಲ್ಲಿಗೇ ಸೀಮಿತವಾದ ಹಕ್ಕಿಗಳನ್ನು ಹುಡುಕಿ ಬರೆಯುತ್ತಾರೆ. ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಲೋಕದ ಬೇರೆಲ್ಲೂ ಇಲ್ಲದ ಹಕ್ಕಿಗಳು ನಮ್ಮ ಹಿತ್ತಲಿಗೆ ಬರುತ್ತವೆ: ಬಸರಿ ಹಣ್ಣಿಗೆ ಬಂದು ನಗುವಂತೆ ಕೂಗುವ ಬೂದು ಮಂಗಟ್ಟೆ, ಕೆಂಪು ಬೆನ್ನಿನ ಪುಟ್ಟ ಸೂರಕ್ಕಿ. ನೀವು ಹೇಗೂ ಆ ದಿನಗಳಲ್ಲಿ ಊರಲ್ಲಿರುತ್ತೀರಿ. ಬೆಳಗ್ಗೆ ಕಾಫಿ ಲೋಟ ಹಿಡಿದು ಕಾಲು ಗಂಟೆ ಹಿತ್ತಲ ಕಟ್ಟೆಯ ಮೇಲೆ ಕೂತರೂ ಒಂದು ಪಟ್ಟಿ ಆಗುತ್ತದೆ.

ಇನ್ನೆರಡು ಸಣ್ಣ ಮಾತು. ಗೂಡು ಸಿಕ್ಕಿತೆಂದು ಹತ್ತಿರ ಹೋಗಿ, ಎಲೆ ಸರಿಸಿ ಫೋಟೋ ತೆಗೆಯಬೇಡಿ. ನೀವು ಸರಿಸಿದ ಎಲೆಯ ಸಂದಿಯಿಂದ ಕಾಗೆಗೂ ಕೆಂಬೂತಕ್ಕೂ ಗೂಡು ಕಾಣುತ್ತದೆ. ಸೀರಿಯಲ್ ಸೆಟ್ಟಿನ ದೀಪಗಳನ್ನು ಮನೆಯ ಮುಂಭಾಗಕ್ಕೆ ಎಷ್ಟು ಬೇಕೋ ಅಷ್ಟು ಹಾಕಿ, ಹಿತ್ತಲ ಮರಗಳಿಗೆ ಸುತ್ತಬೇಡಿ. ಕಾವು ಕೂತ ಹಕ್ಕಿಗೆ ರಾತ್ರಿ ರಾತ್ರಿಯಾಗಿಯೇ ಇರಲಿ.

ಈ ವರ್ಷ ನಮ್ಮ ತವರಲ್ಲೂ ಮದುವೆ. ಅಂದು ಪಿಕಳಾರದ ಗೂಡು ನೋಡಿದ ಮಾಣಿಯೇ ಮದುಮಗ. ಹಿತ್ತಲಿಗೆ ಆಳು ಬಿಡಬಾರದು ಎಂದು ಬೆಂಗಳೂರಿನಿಂದ ಅವನೇ ಅಣ್ಣನಿಗೆ ಫೋನು ಮಾಡಿ ಹೇಳಿದ್ದಾನೆ. ಊಟದ ಸಾಲು ಈ ಸಲ ಅಂಗಳದಲ್ಲಿ, ಕಾರುಗಳು ಗದ್ದೆಯಲ್ಲಿ. ಬರುವಾಗ ನಿಮ್ಮ ಅಟ್ಟದ ಮೇಲೆ ಹಳೆಯ ಕ್ಯಾಲೆಂಡರು, ಡೈರಿ ಏನಾದರೂ ಉಳಿದಿದ್ದರೆ ಚೀಲದಲ್ಲಿ ಹಾಕಿಕೊಂಡು ಬನ್ನಿ. ಅಕ್ಷರ ಓದಲು ಬಾರದಿದ್ದರೂ ತನ್ನಿ, ಒಟ್ಟಿಗೆ ಕೂತು ಓದೋಣ. ಅಮ್ಮ ಜಗುಲಿಯಲ್ಲೇ ಇರುತ್ತಾಳೆ. ಧಾರೆ ಮುಗಿದ ಮೇಲೆ ಅವಳ ಹತ್ತಿರ ಕೂತು, ನಿಮ್ಮ ಹಿತ್ತಲಲ್ಲಿ ಈ ಬೇಸಿಗೆ ಏನು ಗೂಡು ಕಟ್ಟಿದೆ ಎಂದು ಹೇಳಿ.

ಇತಿ ನಿಮ್ಮ,
ಸಾಗರ ಸೀಮೆಯ ಒಬ್ಬ ಅಕ್ಕ